ಪುಸ್ತಕ ಬಂದರೆ ಪ್ರತಿ ಕೇಳುವುದು ಬೇಡ, ಬೆಲೆ ಕೇಳೋಣ

"ಪುಸ್ತಕ ಬಂತಂತಲ್ಲಾ, ನಮಗೂ ಒಂದು ಕಾಪಿ ಇಡಿ ಮಾರ್ರೆ." ನಮ್ಮ ಊರುಗಳಲ್ಲಿ ಯಾರಾದರೂ ಒಂದು ಪುಸ್ತಕ ಬರೆದು ಅಚ್ಚು ಹಾಕಿಸಿದರೆ ಅವರ ಕಿವಿಗೆ ಮೊದಲು ಬೀಳುವ ಮಾತು ಇದು. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಅಭಿಮಾನದಿಂದಲೇ ಕೇಳುತ್ತಾರೆ. ಆದರೆ ಈ ಅಭಿಮಾನದ ಭಾರಕ್ಕೇ ನಮ್ಮ ಸಮುದಾಯದ ಎಷ್ಟೋ ಬರಹಗಾರರ ಎರಡನೇ ಪುಸ್ತಕ ಹುಟ್ಟದೆ ಹೋಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ಹೇಳುವ.

ಮೊದಲು ಒಂದು ಸಂಗತಿ ಒಪ್ಪಿಕೊಳ್ಳಬೇಕು. ಬ್ಯಾರಿ ಭಾಷೆಯಲ್ಲಾಗಲಿ, ಬ್ಯಾರಿಗಳ ಬದುಕಿನ ಬಗ್ಗೆ ಕನ್ನಡದಲ್ಲಾಗಲಿ ಬರೆಯುವವರ ಮನೆಗೆ ದೊಡ್ಡ ಪ್ರಕಾಶಕರು ಹುಡುಕಿಕೊಂಡು ಬರುವುದಿಲ್ಲ. ಅವರದ್ದು ವ್ಯಾಪಾರ, ಸಾವಿರ ಪ್ರತಿ ಹೋಗುತ್ತದೋ ಇಲ್ಲವೋ ಅಂತ ನೋಡುತ್ತಾರೆ. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆದ ಮೇಲೆ ಒಂದು ದಾರಿ ತೆರೆಯಿತು, ಅದು ಸಂತೋಷದ ವಿಷಯ. ಆದರೆ ಬರೆಯುವ ಪ್ರತಿಯೊಬ್ಬರ ಪುಸ್ತಕವನ್ನೂ ಒಂದು ಅಕಾಡೆಮಿಯೇ ತರಲಿ ಅಂದರೆ ಆಗುವ ಮಾತಲ್ಲ. ಹಾಗಾಗಿ ಉಳಿಯುವುದು ಒಂದೇ ದಾರಿ: ಬರೆದವರೇ ಅಚ್ಚು ಹಾಕಿಸುವುದು, ಬರೆದವರೇ ಮಾರುವುದು.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕನ್ನಡ ಕಾದಂಬರಿಯ ಹಿರಿಯರಲ್ಲಿ ಒಬ್ಬರಾದ ಗಳಗನಾಥರು (1869-1942) ಶಾಲಾ ಮಾಸ್ತರರಾಗಿದ್ದವರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರು ಸುತ್ತಿ ಮಾರಿದರು. ಪಕ್ಕದ ಕೇರಳದ ವೈಕಂ ಮುಹಮ್ಮದ್ ಬಶೀರ್ ಹೆಸರು ನಮ್ಮ ಮನೆಗಳಲ್ಲಿ ಗೊತ್ತಿಲ್ಲದವರು ಕಡಿಮೆ. ಅವರೂ ಆರಂಭದ ದಿನಗಳಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ಮನೆಮನೆಗೆ ಕೊಂಡುಹೋಗಿ ಮಾರಿದವರು, ಎರ್ನಾಕುಲಂನಲ್ಲಿ ಪುಸ್ತಕದ ಅಂಗಡಿ ಇಟ್ಟವರು. 1945ರಲ್ಲಿ ಕೋಟ್ಟಯಂನಲ್ಲಿ 12 ಮಂದಿ ಸೇರಿ, 120 ರೂಪಾಯಿ ಬಂಡವಾಳದಲ್ಲಿ ಬರಹಗಾರರದ್ದೇ ಆದ ಒಂದು ಸಹಕಾರಿ ಸಂಘ ಕಟ್ಟಿದರು. ಮಲಯಾಳದ ದೊಡ್ಡ ದೊಡ್ಡ ಲೇಖಕರ ಪುಸ್ತಕಗಳು ಆ ಸಂಘದಿಂದ ಬಂದವು. ಅಲ್ಲಿ ಓದು ಬೆಳೆದದ್ದರ ಹಿಂದೆ ಇಂಥ ಕೆಲಸಗಳಿವೆ.

ನಮ್ಮಲ್ಲೇ ನೋಡುವುದಾದರೆ ಸಾರಾ ಅಬೂಬಕ್ಕರ್ ಇದ್ದಾರೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ನೆಲೆಸಿ, 2023ರ ಜನವರಿಯಲ್ಲಿ ತೀರಿಹೋದವರು. ಅವರ 'ಚಂದ್ರಗಿರಿಯ ತೀರದಲ್ಲಿ' 80ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ಮುಂದೆ 90ರ ದಶಕದಲ್ಲಿ ಅವರು 'ಚಂದ್ರಗಿರಿ ಪ್ರಕಾಶನ' ಎಂಬ ಸ್ವಂತ ಸಂಸ್ಥೆಯನ್ನೇ ನಡೆಸಿದರು. ಅವರು ಬರೆದದ್ದನ್ನೆಲ್ಲ ಎಲ್ಲರೂ ಒಪ್ಪಬೇಕು ಅಂತಿಲ್ಲ. ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಅಷ್ಟು ಹಿಂದೆಯೇ ಒಬ್ಬ ಮುಸ್ಲಿಂ ಹೆಂಗಸು ಕಾಗದ, ಪ್ರೆಸ್ಸು, ಅಂಗಡಿ, ಬಾಕಿ ವಸೂಲಿ ಎಲ್ಲವನ್ನೂ ಒಳಗೊಂಡ ಈ ವ್ಯವಹಾರಕ್ಕೆ ಕೈಹಾಕಿದರು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಇವತ್ತು ಮೊಬೈಲಿನಲ್ಲಿ ಕತೆ, ಕವನ ಬರೆಯುವ ನಮ್ಮ ಹೆಣ್ಣುಮಕ್ಕಳಿಗೆ ಆ ಧೈರ್ಯವಾದರೂ ಮಾದರಿಯಾಗಬೇಕು.

ಈಗ ಹಣದ ಲೆಕ್ಕಕ್ಕೆ ಬರುವ. ಉದಾಹರಣೆಗೆಂದು ಒಂದು ತೆಳು ಪುಸ್ತಕ ಇಟ್ಟುಕೊಳ್ಳಿ. ಟೈಪಿಂಗ್, ಪುಟವಿನ್ಯಾಸ, ಮುಖಪುಟ, ಮುದ್ರಣ ಎಲ್ಲ ಸೇರಿ 500 ಪ್ರತಿಗೆ 40,000 ರೂಪಾಯಿ ಆಯ್ತು. ಒಂದು ಪ್ರತಿಗೆ 80 ರೂಪಾಯಿ ಬಿತ್ತು. ಮುಖಬೆಲೆ 150 ಅಂತ ಹಾಕಿದರು. ನೆಂಟರು, ಗೆಳೆಯರು, ಜಮಾಅತಿನ ಹಿರಿಯರು, ವೇದಿಕೆಯ ಅತಿಥಿಗಳು ಅಂತ 150 ಪ್ರತಿ ಪುಕ್ಕಟೆ ಹೋಯಿತು. ಅಂಗಡಿಗಳ ಮೂಲಕ 200 ಪ್ರತಿ ಮಾರಾಟವಾಯಿತು. ಅಂಗಡಿಯವರಿಗೆ ಶೇಕಡಾ 40 ಬಿಟ್ಟರೆ ಪ್ರತಿಗೆ 90ರಂತೆ 18,000 ಕೈಗೆ ಬಂತು. ಉಳಿದ 150 ಪ್ರತಿ ಅಟ್ಟಕ್ಕೆ. ಬರೆದವರ ಕೈಯಿಂದ ಹೋದದ್ದು 22,000 ರೂಪಾಯಿ. ಇನ್ನು ಆ ಪುಕ್ಕಟೆ ಪ್ರತಿಗಳ ಮುಖಬೆಲೆ ಕೂಡಿಸಿ ನೋಡಿ: 150 ಪ್ರತಿಗೆ 22,500 ರೂಪಾಯಿ! ಅಂದರೆ, ಪ್ರೀತಿಯಿಂದ ಕೇಳಿ ಪಡೆದವರೇ ದುಡ್ಡು ಕೊಟ್ಟು ತೆಗೆದುಕೊಂಡಿದ್ದರೆ ಬರೆದವರಿಗೆ ಒಂದು ಪೈಸೆಯೂ ನಷ್ಟ ಇರಲಿಲ್ಲ, ಮುಂದಿನ ಪುಸ್ತಕದ ಯೋಚನೆಯೂ ನಿಲ್ಲುತ್ತಿರಲಿಲ್ಲ.

ಇಲ್ಲಿ ಕೆಲವರು ಒಂದು ಪ್ರಶ್ನೆ ಕೇಳುತ್ತಾರೆ. "ಉಸ್ತಾದರೇ, ಇಲ್ಮ್ ಮಾರಾಟದ ವಸ್ತುವಾ?" ಅಂತ. ಸರಿಯಾದ ಪ್ರಶ್ನೆಯೇ. ಗೊತ್ತಿದ್ದದ್ದನ್ನು ಹೇಳಿಕೊಡುವುದಕ್ಕೆ ಬೆಲೆ ಕಟ್ಟಲಿಕ್ಕಾಗುವುದಿಲ್ಲ ಎಂಬುದು ಮದ್ರಸದಲ್ಲಿ ಪಾಠ ಹೇಳುವ ನಮಗೂ ಗೊತ್ತು. ಆದರೆ ಕಾಗದದ ಅಂಗಡಿಯವರು, ಪ್ರೆಸ್ಸಿನವರು, ಬೈಂಡಿಂಗ್ ಮಾಡುವವರು ಪುಕ್ಕಟೆ ಕೊಡುವುದಿಲ್ಲವಲ್ಲ? ಮುಸ್‌ಹಫ್ ತರುವಾಗ ಅದಕ್ಕೆ ಬೆಲೆ ಎನ್ನದೆ ಹದಿಯಾ ಅನ್ನುತ್ತೇವೆ. ಶಬ್ದ ಬೇರೆ, ಆದರೂ ಹಣ ಎಣಿಸಿ ಕೊಟ್ಟೇ ಮನೆಗೆ ತರುತ್ತೇವೆ. ಶವ್ವಾಲಿನಲ್ಲಿ ಮದ್ರಸ ಶುರುವಾಗುವಾಗ ಮಕ್ಕಳ ಪಾಠಪುಸ್ತಕಕ್ಕೆ ಯಾವ ಬಾಪನೂ ಚೌಕಾಸಿ ಮಾಡುವುದಿಲ್ಲ. ಪಕ್ಕದ ಮನೆಯವರು ಬರೆದ ಪುಸ್ತಕಕ್ಕೆ ಮಾತ್ರ ಬೇರೆ ಕಾನೂನು ಯಾಕೆ?

ಪುಕ್ಕಟೆ ಪ್ರತಿಯಿಂದ ಇನ್ನೊಂದು ಹಾನಿ ಉಂಟು, ಅದು ಹಣಕ್ಕಿಂತ ದೊಡ್ಡದು. ಪುಕ್ಕಟೆ ಸಿಕ್ಕಿದ ಪುಸ್ತಕವನ್ನು ಹೆಚ್ಚಿನವರು ಓದುವುದಿಲ್ಲ. ಅಕಸ್ಮಾತ್ ಓದಿದರೂ ದಾಕ್ಷಿಣ್ಯಕ್ಕೆ "ಮಾಶಾಅಲ್ಲಾಹ್, ಲಾಯ್ಕ್ ಆಗಿದೆ" ಅಂತ ಹೇಳಿಬಿಡುತ್ತಾರೆ. 150 ರೂಪಾಯಿ ಕೊಟ್ಟವರು ಹಾಗೆ ಬಿಡುವುದಿಲ್ಲ. ಎರಡನೇ ಅಧ್ಯಾಯ ಎಳೆದಿದ್ದೀರಿ, ಇಂಥ ಪುಟದಲ್ಲಿ ತಪ್ಪು ಉಂಟು, ಉಮ್ಮನ ಮಾತು ನಿಜವಾದ ಬ್ಯಾರಿಯಂತೆ ಕೇಳುವುದಿಲ್ಲ ಅಂತ ಮುಖಕ್ಕೇ ಹೇಳುತ್ತಾರೆ. ಸ್ವಂತ ಖರ್ಚಿನಲ್ಲಿ ಬಂದ ಪುಸ್ತಕಗಳಲ್ಲಿ ಕಾಗುಣಿತದ ತಪ್ಪು ಜಾಸ್ತಿ, ತೂಕ ಕಡಿಮೆ ಎಂಬ ದೂರು ಇದೆ. ಅದು ಸುಳ್ಳೆಂದು ನಾವು ಹೇಳುವುದಿಲ್ಲ. ಆ ದೂರು ಕಡಿಮೆಯಾಗಬೇಕಾದರೆ ದುಡ್ಡು ಕೊಟ್ಟು ಓದಿ ಗದರಿಸುವ ಓದುಗರು ಬೇಕು.

ಹಾಗಂತ ಬರೆಯುವವರಿಗೆ ಹೇಳಲಿಕ್ಕೆ ಏನೂ ಇಲ್ಲವೆಂದಲ್ಲ. ಪುಸ್ತಕ ತರಲು ಹೊರಟ ಯುವಕ ಯುವತಿಯರಿಗೆ ನಾಲ್ಕು ಮಾತು. ಮೊದಲನೆಯದು, ಅವಸರ ಬೇಡ. ಹಸ್ತಪ್ರತಿಯನ್ನು ಕನಿಷ್ಠ ಇಬ್ಬರಿಗೆ ಓದಲು ಕೊಡಿ, ಅದರಲ್ಲಿ ಒಬ್ಬರು ನಿಮ್ಮನ್ನು ಹೊಗಳದವರಾಗಿರಲಿ. ಕರಡು ತಿದ್ದುವವರಿಗೆ ಹಣ ಕೊಡಲು ಹಿಂದೆಮುಂದೆ ನೋಡಬೇಡಿ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳು ಹಾಳಾಗುವುದುಂಟು. ಬದಲಿಸಿದ ಮೇಲೆ ಪೂರ್ತಿ ಇನ್ನೊಮ್ಮೆ ಓದಿ. ಬ್ಯಾರಿ ಮಾತನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಒಂದು ಶಬ್ದವನ್ನು ಒಂದೇ ರೀತಿ ಬರೆಯಿರಿ. ಪುಟಕ್ಕೊಂದು ರೂಪವಾದರೆ ಮಕ್ಕಳು ಓದುವುದು ಹೇಗೆ?

ಎರಡನೆಯದು, ಕಾಗದಪತ್ರ. ಪುಸ್ತಕಕ್ಕೆ ಹಾಕುವ 13 ಅಂಕಿಯ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮ್‌ಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಕೊಡುತ್ತದೆ. ಬರೆದವರು ಸ್ವತಃ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಆ ನಂಬರಿಗೆಂದೇ ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಎಚ್ಚರ. ಪುಸ್ತಕ ಬಂದ ಮೇಲೆ 1954ರ ಕಾನೂನಿನ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಅದು ದಂಡವಲ್ಲ. ನಮ್ಮ ಮೊಮ್ಮಕ್ಕಳು ಹುಡುಕಿದರೆ ಸಿಗಬೇಕಲ್ಲ? ಇನ್ನು, ಬರೆದದ್ದರ ಹಕ್ಕು ಬರೆದವರದ್ದೇ, ಅದಕ್ಕೆ ನೋಂದಣಿ ಕಡ್ಡಾಯವಲ್ಲ. 'ಪುಸ್ತಕ ಮಾಡಿಕೊಡುತ್ತೇವೆ, ಇಷ್ಟು ಕಟ್ಟಿ' ಎನ್ನುವವರು ಬಂದರೆ ಸಹಿ ಹಾಕುವ ಮೊದಲು ಹಕ್ಕು ಯಾರಿಗೆ, ಉಳಿದ ಪ್ರತಿ ಯಾರಿಗೆ ಅಂತ ಕರಾರಿನಲ್ಲಿ ಓದಿ ನೋಡಿ.

ಮೂರನೆಯದು, ಅಚ್ಚಿಗಿಂತ ಮುಂಚೆ ಓದುಗರನ್ನು ಹುಡುಕಿ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿ ಚಂದಾದಾರರ ಬಲದಿಂದ ಬೆಳೆಯಿತು. ಹಾಸನದ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾವೆಲ್ಲ ಸ್ಟೇಟಸ್ ಹಾಕಿ ಸಂಭ್ರಮಿಸಿದೆವು. ಇಂಗ್ಲೆಂಡಿನಲ್ಲಿ ಅದನ್ನು ತಂದ 'ಆ್ಯಂಡ್ ಅದರ್ ಸ್ಟೋರೀಸ್' ಒಂದು ಸಣ್ಣ ಪ್ರಕಾಶನ. ಮುಂಗಡವಾಗಿ ಹಣ ಕೊಡುವ ಚಂದಾದಾರರು ಅದಕ್ಕೆ ಆಧಾರ. ಅವರ ಹೆಸರುಗಳನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುತ್ತಾರೆ. ಇದನ್ನು ನಾವೂ ಮಾಡಬಹುದಲ್ಲ? ನೂರು ಮಂದಿ ಮುಂಗಡ ಕೊಟ್ಟರೆ ಅವರ ಹೆಸರು ಪುಸ್ತಕದಲ್ಲಿ ಬರಲಿ. ಜಮಾಅತಿನ ಕಟ್ಟಡಕ್ಕೆ ಕೊಟ್ಟವರ ಹೆಸರು ಗೋಡೆಯಲ್ಲಿ ಬರುವ ಪದ್ಧತಿ ನಮಗೆ ಹೊಸತಲ್ಲ. ಒಮ್ಮೆಗೇ ಸಾವಿರ ಪ್ರತಿ ಹಾಕುವುದೂ ಬೇಡ. ಈಗ ಡಿಜಿಟಲ್ ಮುದ್ರಣದಲ್ಲಿ ಬೇಕಾದಷ್ಟೇ ಪ್ರತಿ ಹಾಕಿಸಬಹುದು. ಪ್ರತಿಗೆ ಖರ್ಚು ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಅಟ್ಟದಲ್ಲಿ ಗೆದ್ದಲಿಗೆ ಆಹಾರ ಆಗುವುದಿಲ್ಲ.

ನಾಲ್ಕನೆಯದು ಪ್ರಚಾರ. ನಮ್ಮಲ್ಲಿ ಪ್ರಚಾರ ಅಂದರೆ ಬಿಡುಗಡೆ ಸಮಾರಂಭ ಒಂದೇ. ಹಾಲ್ ಬಾಡಿಗೆ, ಬ್ಯಾನರ್, ಹತ್ತು ಅತಿಥಿ, ಹತ್ತು ಶಾಲು, ಹತ್ತು ಸ್ಮರಣಿಕೆ, ಮತ್ತೆ ಬಿರಿಯಾನಿ. ಎಲ್ಲ ಮುಗಿದು ನೋಡಿದರೆ ಪುಸ್ತಕಕ್ಕಿಂತ ಸಮಾರಂಭಕ್ಕೇ ಹೆಚ್ಚು ಖರ್ಚು, ಮಾರಾಟವಾದ ಪ್ರತಿ ಹತ್ತು ಹನ್ನೆರಡು. ಅದರ ಬದಲು ಬಾಗಿಲ ಬಳಿ ಒಂದು ಮೇಜು, ಮೇಜಿನ ಮೇಲೆ ಬೆಲೆ ಬರೆದ ಚೀಟಿ, ಪಕ್ಕದಲ್ಲಿ ಕ್ಯೂಆರ್ ಕೋಡ್, ಚಿಲ್ಲರೆ ಕೊಡಲು ಒಬ್ಬ ಹುಡುಗ ಇದ್ದರೆ ಸಾಕು. ವಾಟ್ಸ್ಆ್ಯಪಿನಲ್ಲಿ ಮುಖಪುಟ ಮಾತ್ರ ಹಾಕಿ ಸುಮ್ಮನಾಗಬೇಡಿ. ಒಂದು ಪುಟ ಓದಿ ಧ್ವನಿಯಲ್ಲಿ ಕಳಿಸಿ. ಅಕ್ಷರ ಬಾರದ ಉಮ್ಮಂದಿರೂ ಕೇಳುತ್ತಾರೆ, ಬ್ಯಾರಿ ಮಾತಿಗೆ ಅವರಿಗಿಂತ ಒಳ್ಳೆಯ ಪರೀಕ್ಷಕರು ಇಲ್ಲ. ದೂರದವರಿಗೆ ಕಳಿಸಲು ಅಂಚೆ ಇಲಾಖೆಯ 'ಜ್ಞಾನ ಪೋಸ್ಟ್' 2025ರ ಮೇ 1ರಿಂದ ಶುರುವಾಗಿದೆ. 300 ಗ್ರಾಂ ತನಕ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ ಅಂತ ದರ ಇಟ್ಟಿದ್ದಾರೆ. ಒಂದು ತೆಳು ಪುಸ್ತಕ ಸಲೀಸಾಗಿ 20 ರೂಪಾಯಿ ಮತ್ತು ತೆರಿಗೆಯಲ್ಲಿ ಹೋಗುತ್ತದೆ. ಮುಖ್ಯವಾಗಿ, ಬೆಲೆ ಹೇಳುವಾಗ ತಲೆ ತಗ್ಗಿಸಬೇಡಿ. ಮೀನಿನವರು ಬಂಗುಡೆಯ ರೇಟು ಹೇಳುವಾಗ ನಾಚುತ್ತಾರಾ?

ಇನ್ನು ಮನೆಯವರ ಪಾಲು. ಇದು ದೊಡ್ಡ ಮೊತ್ತದ ಕೆಲಸವಲ್ಲ. ಒಂದು ಮನೆಯವರು ಮೂರು ತಿಂಗಳಿಗೆ ಒಂದು ಪುಸ್ತಕ ತೆಗೆದುಕೊಂಡರೂ ವರ್ಷಕ್ಕೆ ನಾಲ್ಕು ಆಯ್ತು. ಮದ್ರಸ, ಶಾಲೆಗಳ ವಾರ್ಷಿಕ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಡಬ್ಬಿ ಕೊಡುವ ಬದಲು ನಮ್ಮವರೇ ಬರೆದ ಒಂದು ಪುಸ್ತಕ ಕೊಡಬಹುದು. ಐವತ್ತು ಮಕ್ಕಳ ಬಹುಮಾನ ಅಂದರೆ ಒಬ್ಬ ಬರಹಗಾರರಿಗೆ ಐವತ್ತು ಪ್ರತಿ. ಮದುವೆಗೆ ಕವರಿನ ಜೊತೆ ಒಂದು ಪುಸ್ತಕ ಇಟ್ಟರೆ ಪುದಿಯಾಪ್ಲೆಗೆ ಏನೂ ಕೊರತೆ ಆಗುವುದಿಲ್ಲ. ದುಬೈ, ದಮ್ಮಾಮಿನಲ್ಲಿರುವ ನಮ್ಮ ಮಕ್ಕಳು ಊರಿಗೆ ಬಂದು ಹೋಗುವಾಗ ಉಪ್ಪಿನಕಾಯಿ, ಒಣಮೀನಿನ ನಡುವೆ ಎರಡು ಪುಸ್ತಕಕ್ಕೆ ಜಾಗ ಇದ್ದೇ ಇರುತ್ತದೆ. ಅಲ್ಲಿ ಹುಟ್ಟಿದ ಮಕ್ಕಳ ಬಾಯಲ್ಲಿ ಬ್ಯಾರಿ ಉಳಿಯಬೇಕು ಅಂತ ಅಜ್ಜಿಯಂದಿರು ಹೇಳುವುದನ್ನು ನಾವು ಕೇಳುತ್ತಲೇ ಇರುತ್ತೇವೆ. ಬಾಯಲ್ಲಿ ಉಳಿಯಲು ಪುಟದಲ್ಲೂ ಇರಬೇಕು.

ತೀರಾ ಬಡವರು, ಓದುವ ಆಸೆಯ ಮಕ್ಕಳು ಕೇಳಿದರೆ ಬರೆದವರು ಖಂಡಿತ ಪುಕ್ಕಟೆ ಕೊಡಲಿ. ವಿಮರ್ಶೆ ಬರೆಯುವವರಿಗೆ, ಗ್ರಂಥಾಲಯಕ್ಕೆ ಕೊಡಲಿ. ನಾವು ಹೇಳುತ್ತಿರುವುದು ಕಾರಿನಿಂದಿಳಿದು ಕಾಪಿ ಕೇಳುವವರ ವಿಷಯ. ನೂರೈವತ್ತು ರೂಪಾಯಿ ಅವರಿಗೆ ಒಂದು ಸಂಜೆಯ ಶವರ್ಮದ ಖರ್ಚು. ಬರೆದವರಿಗೆ ಅದು ಮುಂದಿನ ಪುಸ್ತಕದ ಕಾಗದ.

ನಮ್ಮ ಹಿರಿಯರ ಗಾದೆ, ಒಗಟು, ಮದುವೆ ಮನೆಯ ಪಾಟುಗಳು, ಕಡಲು ಹೊಳೆಗಳ ವ್ಯಾಪಾರದ ನೆನಪು ಎಲ್ಲವೂ ಈಗಿನ ಎಪ್ಪತ್ತು, ಎಂಬತ್ತು ವರ್ಷದವರ ತಲೆಯೊಳಗಿವೆ. ಅದನ್ನು ಕೇಳಿ ಬರೆದಿಡಲು ಸಿದ್ಧರಿರುವ ಹುಡುಗ ಹುಡುಗಿಯರು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಅವರು ಮೊದಲ ಪುಸ್ತಕದಲ್ಲೇ ಸೋತು ಕುಳಿತರೆ ಹೊರಗಿನವರು ಯಾರೂ ಬಂದು ಆ ಕೆಲಸ ಮಾಡುವುದಿಲ್ಲ. ಈ ಸಲ ನಿಮ್ಮ ಊರಿನಲ್ಲಿ ಯಾರದ್ದಾದರೂ ಪುಸ್ತಕ ಬಂದರೆ "ಎಷ್ಟು ರೂಪಾಯಿ?" ಎಂದು ಕೇಳಿ, ಎರಡು ಪ್ರತಿ ತೆಗೆದುಕೊಳ್ಳಿ. ಒಂದನ್ನು ಮನೆಯಲ್ಲಿ ಓದಿ, ಇನ್ನೊಂದನ್ನು ಯಾರಿಗಾದರೂ ಹದಿಯಾ ಕೊಡಿ. ತಪ್ಪು ಕಂಡರೆ ಬರೆದವರಿಗೆ ಫೋನ್ ಮಾಡಿ ಹೇಳಿ.