ಕ್ಯಾಜುವಾಲ್ಟಿಯ ಬಾಗಿಲಲ್ಲಿ ಒಂದು ದರಪಟ್ಟಿ

ಆಸ್ಪತ್ರೆ ಖರ್ಚಿನ ಮಾತು ಬಂದಾಗ ನಾವು ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಎಂದು ದೊಡ್ಡ ರೋಗಗಳನ್ನೇ ಚರ್ಚಿಸುತ್ತೇವೆ. ಅವಕ್ಕೆ ವಿಮೆ ಇದೆ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ, ಯಶಸ್ವಿನಿ ಇದೆ. ಸಾಲದಿದ್ದರೂ ಅದೊಂದು ಆಸರೆ. ರಾತ್ರಿ ಎದೆ ಉರಿ ಎಂದು ಕ್ಯಾಜುವಾಲ್ಟಿಗೆ ಹೋಗಿ ಬೆಳಗಾಗುವುದರೊಳಗೆ ಮನೆಗೆ ಮರಳುವವರ ಗತಿ ಬೇರೆ. ಸಾಮಾನ್ಯ ವಿಮಾ ಪಾಲಿಸಿಗಳು ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕು ಎನ್ನುತ್ತವೆ. ಹೀಗಾಗಿ ಈ ಖರ್ಚು ಪೂರ್ತಿ ಕೈಯಿಂದಲೇ ಹೋಗುತ್ತದೆ.

ನಮ್ಮ ಷಡ್ಡಕರೊಬ್ಬರಿಗೆ ಹೀಗೆಯೇ ಆಯಿತು. ಇಸಿಜಿ, ರಕ್ತಪರೀಕ್ಷೆ, ಒಂದು ಬಾಟಲಿ ಡ್ರಿಪ್, ನಾಲ್ಕು ತಾಸಿನ ಮಂಚ. ಕೊನೆಗೆ ಗ್ಯಾಸ್ಟ್ರಿಕ್ ಎಂದರು, ಮನೆಮಂದಿಗೆಲ್ಲ ಸಮಾಧಾನ. ಬಿಲ್ಲು 11,460 ರೂಪಾಯಿ. ಅದರಲ್ಲಿ ‘ಕನ್ಸ್ಯೂಮಬಲ್ಸ್’ ಎಂಬ ಒಂದೇ ಸಾಲಿಗೆ 2,900. ಅದರಲ್ಲಿ ಏನೇನಿದೆ ಎಂದು ಕೇಳಿದರೆ ಕೌಂಟರಿನ ಹುಡುಗ, “ಸಿಸ್ಟಮ್‌ನಾಗ ಹಂಗ ಬರ್ತದರೀ ಸರ್” ಎಂದ.

ಲೋಕೋಪಯೋಗಿ ಇಲಾಖೆಯಲ್ಲಿ ಒಂದು ಚರಂಡಿ ಕಟ್ಟಿಸಬೇಕಾದರೂ ಎಸ್.ಆರ್. ದರ ನೋಡಿ ಅಂದಾಜುಪಟ್ಟಿ ಮಾಡುತ್ತೇವೆ. ಕೆಲಸವಾದ ಮೇಲೆ ಎಂ.ಬಿ.ಯಲ್ಲಿ ಅಳತೆ ಬರೆಯುತ್ತೇವೆ, ಮೇಲಿನವರು ಅದನ್ನು ತಾಳೆ ನೋಡುತ್ತಾರೆ. ‘ಇತರೆ’ ಎಂದು ಒಂದೇ ಸಾಲು ಬರೆದು ತಂದ ಬಿಲ್ಲಿಗೆ ಸಹಿ ಬೀಳುವುದಿಲ್ಲ. ಅಲ್ಲಿ ಕಳ್ಳತನವೇ ಇಲ್ಲ ಎನ್ನುತ್ತಿಲ್ಲ, ಆದರೆ ಕಳ್ಳನನ್ನು ಹಿಡಿಯಲು ಒಂದು ಪುಸ್ತಕವಾದರೂ ಇದೆ. ಆಸ್ಪತ್ರೆಯಲ್ಲಿ ಅಳೆಯುವವರು, ದರ ಕಟ್ಟುವವರು, ವಸೂಲಿ ಮಾಡುವವರು ಎಲ್ಲರೂ ಒಂದೇ ಕಡೆಯವರು.

ಆ ಒಂದು ಸಾಲಿನೊಳಗೆ ಏನು ಅಡಗಿರಬಹುದು? ರಾಷ್ಟ್ರೀಯ ಔಷಧ ದರ ನಿಗದಿ ಪ್ರಾಧಿಕಾರವು 2018ರಲ್ಲಿ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿತ್ತು. ಸಿರಿಂಜಿನಂಥ ಸಾಮಾನುಗಳು ಹಾಗೂ ಔಷಧಗಳ ಮೇಲೆ ಖರೀದಿ ಬೆಲೆಯ ಶೇ. 1,737ರವರೆಗೆ ಲಾಭ ಇಟ್ಟದ್ದು ಆಗ ಕಂಡುಬಂತು. ಎಲ್ಲ ಆಸ್ಪತ್ರೆಗಳೂ ಹಾಗೆಯೇ ಎನ್ನಲಾಗದು. ಆದರೆ ವಿವರ ಕೊಡದ ಆಸ್ಪತ್ರೆಯ ಮೇಲೆ ರೋಗಿಗೆ ಸಂಶಯ ಬಂದರೆ ಅದು ರೋಗಿಯ ತಪ್ಪಲ್ಲ.

ಕಾನೂನು ಇಲ್ಲವೆಂದಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಗಳು ಜನರಿಗೆ ಕಾಣುವಂತಿರಬೇಕು. ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯಬಾರದು, ಬಾಕಿಗಾಗಿ ಶವ ತಡೆಯಬಾರದು ಎಂದು 2017ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿಯ ವಿರುದ್ಧ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಮಗೆಲ್ಲ ನೆನಪಿದೆ. ದರಪಟ್ಟಿ ಎಲ್ಲಿ ತೂಗುತ್ತಿದೆ ಎಂದು ಮಾತ್ರ ಹುಡುಕಬೇಕು.

ಇದನ್ನು ನಮ್ಮ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. ಮೈಸೂರು, ಬೆಳಗಾವಿ, ತುಮಕೂರು, ದಾವಣಗೆರೆ, ವಿಜಯಪುರ, ಕಲಬುರಗಿ ಎಲ್ಲಿ ಹೋದರೂ ನಮ್ಮ ಮಠಗಳು ಇಲ್ಲವೆ ನಮ್ಮ ಸಮಾಜದವರು ಕಟ್ಟಿದ ದೊಡ್ಡ ಆಸ್ಪತ್ರೆಗಳಿವೆ. ಅವುಗಳ ಹಿಂದೆ ಭಕ್ತರ ಕಾಣಿಕೆ ಇದೆ, ಊರಿನ ರೈತರ ಜೋಳದ ಚೀಲವೂ ಇದೆ. ಸರ್ಕಾರದ ಇನ್‌ಸ್ಪೆಕ್ಟರ್ ಬರುವವರೆಗೆ ಇವು ಕಾಯಬೇಕೇ?

ಪುಕ್ಕಟೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನವರಿದ್ದರು, ವೈದ್ಯವೂ ಕಾಯಕವೇ. ಕಾಯಕಕ್ಕೆ ಕೂಲಿ ಸಲ್ಲಬೇಕು. ರೋಗಿ ಬರಲಿ ಬಿಡಲಿ, ರಾತ್ರಿಯಿಡೀ ಡಾಕ್ಟರು, ನರ್ಸು, ಲ್ಯಾಬು ಎಚ್ಚರ ಇರಬೇಕು, ಅದಕ್ಕೆ ಖರ್ಚಿದೆ. ಅದನ್ನು ‘ಕ್ಯಾಜುವಾಲ್ಟಿ ಶುಲ್ಕ ಇಷ್ಟು’ ಎಂದು ನೇರವಾಗಿ ಬರೆಯಲಿ, ಕೊಡೋಣ. ಕೈಗವಸಿನ ಬೆಲೆಯೊಳಗೆ ಅದನ್ನು ಅಡಗಿಸುವುದು ಮಾತ್ರ ಬೇಡ. ಬಸವಣ್ಣನವರು ಭಂಡಾರಿಗಳಾಗಿದ್ದವರು. ಲೆಕ್ಕ ಒಪ್ಪಿಸುವುದು ನಮಗೆ ಹೊಸದೇನಲ್ಲ.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದಿನ ಬಸವ ಜಯಂತಿಯೊಳಗೆ ನಮ್ಮ ಪ್ರತಿ ಆಸ್ಪತ್ರೆಯ ಕ್ಯಾಜುವಾಲ್ಟಿ ಬಾಗಿಲಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ದರಪಟ್ಟಿ ಬರಲಿ. ಇಸಿಜಿಗೆ ಎಷ್ಟು, ಮಂಚಕ್ಕೆ ತಾಸಿಗೆ ಎಷ್ಟು, ಡ್ರಿಪ್ ಹಾಕಲು ಎಷ್ಟು ಎಂಬುದು ಅದರಲ್ಲಿರಲಿ. ಬಿಲ್ಲಿನಲ್ಲಿ ಪ್ರತಿ ಸಾಮಾನಿನ ಹೆಸರು, ಸಂಖ್ಯೆ, ದರ ಬೇರೆ ಬೇರೆ ಇರಲಿ. ತಿಂಗಳಿಗೊಮ್ಮೆ ಹತ್ತು ಬಿಲ್ಲುಗಳನ್ನು ಆರಿಸಿ, ರೋಗಿಯ ಹೆಸರು ಮರೆಮಾಡಿ, ಹೊರಗಿನ ಇಬ್ಬರು ತಾಳೆ ನೋಡಲಿ. ನಿವೃತ್ತ ಇಂಜಿನಿಯರುಗಳು, ಬ್ಯಾಂಕಿನವರು, ಆಡಿಟರುಗಳು ಊರೂರಲ್ಲಿ ಇದ್ದೇವೆ. ಈ ಸೇವೆಗೆ ಸಂಬಳ ಬೇಕಿಲ್ಲ.