ಇಳಿಯುವವರ ಲೆಕ್ಕ ಯಾರ ಬಳಿ ಇದೆ?

ಕೋತಗಿರಿ ಬಳಿಯ ಹಟ್ಟಿಯೊಂದರ ಯುವತಿ ದಕ್ಷಿಣ ಆಫ್ರಿಕಾದಲ್ಲಿ ತರಬೇತಿ ಮುಗಿಸಿ ಬಡಗ ಸಮುದಾಯದ ಮೊದಲ ಮಹಿಳಾ ಪೈಲಟ್ ಆದ ಸುದ್ದಿ 2024ರಲ್ಲಿ ಬಂದಾಗ, ವಿಮಾನ ನಿಲ್ದಾಣವೇ ಇಲ್ಲದ ನೀಲಗಿರಿ ಜಿಲ್ಲೆ ಹೆಮ್ಮೆಪಟ್ಟಿತು. ಪಡಬೇಕಾದದ್ದೇ. ಆದರೆ ಊಟಿಯ, ಗೂಡಲೂರಿನ ಇನ್ನೊಂದು ಮನೆ ಅದೇ ದಾರಿ ಹಿಡಿಯಲು ಚಹಾ ತೋಟ ಅಡವಿಡುವ ಮುನ್ನ ನೋಡಬೇಕಾದ ಲೆಕ್ಕವೊಂದಿದೆ. ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ 2023ರಲ್ಲಿ ಆರ್ಡರ್ ಕೊಟ್ಟದ್ದು ಎಲ್ಲರ ಬಾಯಲ್ಲೂ ಇದೆ. ಆ ಕಂಪನಿಗಳಲ್ಲಿ ವರ್ಷಕ್ಕೆ ಎಷ್ಟು ಪೈಲಟ್‌ಗಳು ನಿವೃತ್ತರಾಗುತ್ತಾರೆ ಎಂದು ಕೇಳುವವರು ಮಾತ್ರ ಕಡಿಮೆ.

ಅಮೆರಿಕದಲ್ಲಿ ಈ ಪ್ರಶ್ನೆಯೇ ಮೊದಲನೆಯದು. ಡೆಲ್ಟಾ, ಯುನೈಟೆಡ್‌ನಂಥ ಕಂಪನಿಗಳಲ್ಲಿ ಎಲ್ಲವೂ ಸೇವಾ ಹಿರಿತನದ ಪಟ್ಟಿಯ ಮೇಲೆ ನಿಂತಿದೆ. 65 ತುಂಬಿದ ಕ್ಯಾಪ್ಟನ್ ಇಳಿದರೆ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಏರಿ, ತುದಿಯಲ್ಲಿ ಹೊಸಬರಿಗೆ ಜಾಗವಾಗುತ್ತದೆ. 2007ರ ಡಿಸೆಂಬರ್‌ನಲ್ಲಿ ನಿವೃತ್ತಿ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದಾಗ ಐದು ವರ್ಷ ಆ ಜಾಗ ಖಾಲಿಯಾಗುವುದು ಬಹುತೇಕ ನಿಂತಿತು. ಮೇಲೆ ಆರ್ಥಿಕ ಕುಸಿತವೂ ಬಂತು. ಕಿರಿಯರು ಕಾದು ಹಣ್ಣಾದರು. 2020ರಲ್ಲಿ ನಡೆದದ್ದು ಇದರ ತಿರುವುಮುರುವು: ಕೋವಿಡ್ ಹೊಡೆತಕ್ಕೆ ಕಂಪನಿಗಳು ಹಣ ಕೊಟ್ಟು ಹಿರಿಯರನ್ನು ಮನೆಗೆ ಕಳಿಸಿದವು, ಎರಡೇ ವರ್ಷದಲ್ಲಿ ಪೈಲಟ್‌ಗಳು ಸಾಲದೆ ಪರದಾಡಿದವು. 2025ರಲ್ಲಿ ವಯೋಮಿತಿಯನ್ನು 67ಕ್ಕೆ ಏರಿಸುವ ಪ್ರಸ್ತಾವ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಹಾಸಭೆಯಲ್ಲಿ ಬಿದ್ದುಹೋಯಿತು.

ನಮ್ಮಲ್ಲೂ ವಯೋಮಿತಿ 65. ಆದರೆ ಇಲ್ಲಿ ನೇಮಕಾತಿಯನ್ನು ಮುಖ್ಯವಾಗಿ ಎಳೆಯುತ್ತಿರುವುದು ಹೊಸ ವಿಮಾನಗಳೇ ಹೊರತು ನಿವೃತ್ತಿಯಲ್ಲ. 65ನೇ ಹುಟ್ಟುಹಬ್ಬ ಹೇಳಿದ ದಿನಕ್ಕೆ ಬರುತ್ತದೆ, ಕಂಪನಿಯ ಬೆಳವಣಿಗೆಗೆ ಆ ಗ್ಯಾರಂಟಿ ಇಲ್ಲ. ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು; ಪ್ರತಿ ಸಲವೂ ಅನುಭವಿಗಳೇ ಕೆಲಸ ಹುಡುಕುತ್ತ ಸರದಿಯಲ್ಲಿ ಹೊಸಬರ ಮುಂದೆ ಬಂದು ನಿಂತರು.

ಹಾಗಾದರೆ 2025ರ ಡಿಸೆಂಬರ್‌ನಲ್ಲಿ, ಪೈಲಟ್‌ಗಳ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿದ ಮೇಲೆ, ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿದ್ದೇಕೆ, ಕೊರತೆ ಇದ್ದದ್ದಕ್ಕಲ್ಲವೇ ಎಂದು ಕೇಳಬಹುದು. ಕೊರತೆ ಇತ್ತು, ನಿಜ. ಆದರೆ ಆಗ ಪ್ರಕಟವಾದ ಲೆಕ್ಕ ನೋಡಿ: ಕ್ಯಾಪ್ಟನ್‌ಗಳು 2,422 ಮಂದಿ ಬೇಕಿದ್ದಲ್ಲಿ 2,357 ಇದ್ದರು, ಸಹಪೈಲಟ್‌ಗಳು ಬೇಕಾದದ್ದಕ್ಕಿಂತ ಹೆಚ್ಚೇ ಇದ್ದರು. 200 ಗಂಟೆ ಹಾರಿ ಲೈಸೆನ್ಸ್ ಪಡೆದವರು ಕೂರುವುದು ಸಹಪೈಲಟ್ ಸೀಟಿನಲ್ಲಿ. ಎಡಗಡೆಯ ಕ್ಯಾಪ್ಟನ್ ಸೀಟಿಗೆ ದಾಟಲು ಸಾವಿರಾರು ಗಂಟೆಗಳ ಹಾರಾಟ ಬೇಕು. ಆದ್ದರಿಂದ ವಿಮಾನ ಕಂಪನಿಗಳು ಹುದ್ದೆವಾರು, ವಯಸ್ಸುವಾರು ಪೈಲಟ್‌ಗಳ ಸಂಖ್ಯೆಯನ್ನು ಪ್ರತಿವರ್ಷ ಬಹಿರಂಗಪಡಿಸುವಂತೆ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ಮಾಡಬೇಕು. ಅಲ್ಲಿಯವರೆಗೆ, ತರಬೇತಿ ಶಾಲೆಯವರು ಆರ್ಡರ್ ಆದ ವಿಮಾನಗಳನ್ನು ಎಣಿಸಿ ತೋರಿಸಿದರೆ, ಮೂರು ವರ್ಷದ ಹಿಂದೆ ಅಲ್ಲಿಂದ ಹೊರಬಂದವರಲ್ಲಿ ಎಷ್ಟು ಮಂದಿ ಇವತ್ತು ಹಾರುತ್ತಿದ್ದಾರೆ ಎಂದು ಪೋಷಕರು ಕೇಳಲಿ.