ಫೋಟೋದಲ್ಲಿ ಮಾತು ಕೇಳಿಸಲ್ಲ, ಹೆಸರು ನಾವೇ ಬರೀಬೇಕು



ಪ್ರತಿ ವರ್ಷ ವಿಜಯದಶಮಿ ಬಂತು ಅಂದ್ರೆ ಕೊಯಮತ್ತೂರಿನವರ ಫೋನ್ ತುಂಬಾ ಒಂದೇ ಥರದ ಫೋಟೋಗಳು. ರಾಜವೀದಿಯ ರಾಮಲಿಂಗ ಚೌಡೇಶ್ವರಿ ಅಮ್ಮನ ಮೆರವಣಿಗೆ, ನಮ್ಮ ದೇವಾಂಗ ಹುಡುಗರು ಕತ್ತಿ ಹಿಡಿದು ಮಾಡೋ ಅಲಗು ಸೇವೆ, ಮೈಮೇಲೆ ರಕ್ತ, ಗಾಯದ ಮೇಲೆ ಪುಡಿ. ಚಿತ್ರಗಳು ಚೆನ್ನಾಗೇ ಇರ್ತವೆ. ಆದ್ರೆ ಕೆಳಗಡೆ ಏನಿರುತ್ತೆ? ಊರಿನ ಹೆಸರು, ಹಬ್ಬದ ಹೆಸರು, ನಾಲ್ಕು ಹ್ಯಾಶ್‌ಟ್ಯಾಗ್. ಇವರು ಯಾರು, ಮನೇಲಿ ಯಾವ ಮಾತು ಆಡ್ತಾರೆ, ಕತ್ತಿ ಕೆಳಗಿಟ್ಟ ಮೇಲೆ ಮಾರನೇ ದಿನ ಏನು ಕೆಲಸಕ್ಕೆ ಹೋಗ್ತಾರೆ ಅನ್ನೋದು ಒಂದು ಸಾಲೂ ಇರಲ್ಲ.

ಹೊರಗಿನವರ ಮೇಲೆ ದೂರು ಹೇಳೋಕೆ ಇದನ್ನ ಬರೀತಿಲ್ಲ. ಈಗ ಫೋಟೋ ತೆಗೆಯೋರಲ್ಲಿ ನಮ್ಮ ಮನೆ ಮಕ್ಕಳೇ ಬೇಕಾದಷ್ಟು ಇದ್ದಾರೆ. ಕಾಲೇಜಿಗೆ ಹೋಗೋ ಹುಡುಗ ಹುಡುಗಿಯರು ಭಾನುವಾರ ಬೆಳಗ್ಗೆ ಉಕ್ಕಡಂ ಕೆರೆ, ಟೌನ್‌ಹಾಲ್, ಹೂ ಮಾರ್ಕೆಟ್ ಅಂತ ಸುತ್ತುತ್ತಾರೆ. ಸಾಯಂಕಾಲ ಕಾಳಾನ್ ಗಾಡಿ ಮುಂದೆ ನಿಂತು ಕಬ್ಬಿಣದ ತವಾದಿಂದ ಏಳೋ ಹೊಗೆ ಹಿಡೀತಾರೆ. ತಿರುಪ್ಪೂರಿನ ಕಡೆಯವರು ಬನಿಯನ್ ಬಟ್ಟೆ ರಾಶಿ, ಅವಿನಾಶಿ ತೇರು ತೆಗೀತಾರೆ. ಊಟ, ಬೀದಿ, ಹಬ್ಬ, ಈ ಮೂರರಲ್ಲೇ ಬೆಳಕು ಅಂದ್ರೇನು, ಶಟರ್ ಅಂದ್ರೇನು ಅಂತ ಕಲೀತಿದ್ದಾರೆ. ಒಳ್ಳೇದು. ನಾನು ಹೇಳೋದು ಇಷ್ಟೇ. ಈ ಮೂರೂ ನಮ್ಮ ಮನೆ ಒಳಗೂ ಇದೆ. ಅದನ್ನೂ ತೆಗೀರಿ. ತೆಗೆದ ಪ್ರತಿ ಫೋಟೋಗೂ ಮನೆಯಲ್ಲಿ ಕರೆಯೋ ಕನ್ನಡ ಹೆಸರು ಬರೀರಿ.

ಯಾಕೆ ಅಂದ್ರೆ ಫೋಟೋದಲ್ಲಿ ಮುಖ ಕಾಣುತ್ತೆ, ಮಾತು ಕೇಳಿಸಲ್ಲ. ನಮ್ಮ ಉಡುಪು, ಊಟ, ದೇವಸ್ಥಾನ ಎಲ್ಲಾ ಈ ಕೊಂಗು ನಾಡಿನವರ ಹಾಗೇ ಇದೆ. ನೂರಾರು ವರ್ಷ ಒಟ್ಟಿಗೆ ಬಾಳಿದ್ದೀವಿ, ಹಾಗೆ ಇರೋದೇ ಸಹಜ. ನಾವು ಬೇರೆ ಅಂತ ಗೊತ್ತಾಗೋದು ಬಾಯಿ ತೆರೆದಾಗ ಮಾತ್ರ. ಆ ಮಾತನ್ನ ಪಕ್ಕದಲ್ಲಿ ಬರೆದಿಡದೇ ಇದ್ರೆ ಐವತ್ತು ವರ್ಷ ಆದ ಮೇಲೆ ಆ ಚಿತ್ರ ನೋಡಿದವರಿಗೆ ಅಲ್ಲಿ ಕನ್ನಡ ಇತ್ತು ಅಂತ ಗೊತ್ತಾಗೋದು ಹೇಗೆ?

ಊಟದಿಂದಲೇ ಶುರು ಮಾಡೋಣ. ಕೊಂಗು ಕಡೆ ಎಲ್ಲರೂ ಒಪ್ಪುಟ್ಟು ಅಂತಾರೆ. ಅದು ನಮ್ಮ ಒಬ್ಬಟ್ಟು. ತಮಿಳು ಲಿಪಿಯಲ್ಲಿ ಬ್ಬ ಬರೆಯೋಕೆ ಬೇರೆ ಅಕ್ಷರ ಇಲ್ಲ, ಪ್ಪ ಅಂತಲೇ ಬರೀಬೇಕು. ಅವರ ಕಚ್ಚಾಯಂ, ನಮ್ಮ ಕಜ್ಜಾಯ. ಅವರ ಕೊಳ್ಳು, ನಮ್ಮ ಹುರುಳಿ. ಅವರ ಕಳಿ, ನಮ್ಮ ಮುದ್ದೆ. ಅಜ್ಜಿ ಒಬ್ಬಟ್ಟು ತಟ್ಟುವಾಗ ಕಿಟಕಿ ಪಕ್ಕ ಕೂರಿಸಿ ಒಂದು ಫೋಟೋ ತೆಗೀರಿ. ಬೆಳಕು ಒಂದು ಕಡೆಯಿಂದ ಬಂದ್ರೆ ಹಿಟ್ಟಿನ ಮೇಲೆ ಬೆರಳಿನ ಗುರುತು ಎದ್ದು ಕಾಣುತ್ತೆ, ಹಳದಿ ಬಲ್ಬ್ ಹಾಕಿದ್ರೆ ಎಲ್ಲಾ ಮಂಕಾಗುತ್ತೆ. ಬೆಳಕಿನ ಪಾಠ ಅಡುಗೆಮನೇಲೇ ಆಯ್ತು. ಆಮೇಲೆ ಅಜ್ಜಿಯನ್ನೇ ಕೇಳಿ, ಇದಕ್ಕೆ ಏನಂತೀರಾ, ಹೂರಣಕ್ಕೆ ಏನೇನು ಹಾಕಿದ್ರಿ ಅಂತ. ಅವರು ಹೇಳಿದ್ದನ್ನ ಹಾಗೇ ಬರೀರಿ. ಬೆಂಗಳೂರಿನ ಪುಸ್ತಕದ ಕನ್ನಡಕ್ಕೆ ತಿದ್ದೋಕೆ ಹೋಗಬೇಡಿ.

ಇನ್ನು ಮಗ್ಗ. ಸಿರುಮುಗೈ ರೇಷ್ಮೆ ಸೀರೆ ಎಲ್ಲರಿಗೂ ಗೊತ್ತು, ನೆಗಮಂ ಹತ್ತಿ ಸೀರೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಸೀರೆಯ ಫೋಟೋಗೆ ಬರ ಇಲ್ಲ, ಅಂಗಡಿಯವರೇ ಹಾಕ್ತಾರೆ. ಆದ್ರೆ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿರೋ ನಮ್ಮ ತಾತ ಅದರ ಒಂದೊಂದು ಭಾಗಕ್ಕೂ ಏನು ಹೆಸರು ಹೇಳ್ತಾರೆ? ಅವರ ತರಿ, ನಮ್ಮ ಮಗ್ಗ. ಅವರ ಪಾವು, ನಮ್ಮ ಹಾಸು. ಅವರ ಊಡೆ, ನಮ್ಮ ಹೊಕ್ಕು. ಲಾಳಿ ಓಡೋದನ್ನ ಸೆಕೆಂಡಿನ 1/1000 ಶಟರ್‌ನಲ್ಲಿ ತೆಗೆದ್ರೆ ನಿಂತ ಹಾಗೆ ಬರುತ್ತೆ, 1/15ರಲ್ಲಿ ತೆಗೆದ್ರೆ ಗೆರೆ ಎಳೆದ ಹಾಗೆ ಬರುತ್ತೆ. ಎರಡನ್ನೂ ತೆಗೆದು ನೋಡಿ, ಶಟರ್ ಬಗ್ಗೆ ಯಾವ ಕ್ಲಾಸೂ ಬೇಕಾಗಲ್ಲ. ಮಗ್ಗ ಬಿಟ್ಟು ಪವರ್‌ಲೂಮ್‌ಗೆ, ಬನಿಯನ್ ಕಂಪನಿಗೆ ಹೋದ ಮನೆಗಳು ಎಷ್ಟೋ ಇವೆ. ಮಗ್ಗ ಎದ್ದ ಮನೆಯಲ್ಲಿ ಈ ಮಾತುಗಳೂ ಎದ್ದು ಹೋಗ್ತವೆ. ಬಳಕೆ ಇಲ್ಲದ ಮೇಲೆ ಯಾರು ನೆನಪಿಟ್ಕೋತಾರೆ?

ಹಬ್ಬದ ವಿಷಯವೂ ಹೀಗೇ. ಮಾಸಿ ತಿಂಗಳಲ್ಲಿ ಕಾರಮಡೈ ರಂಗನಾಥರ ತೇರಿಗೆ ನಮ್ಮ ಒಕ್ಕಲಿಗರ ಮನೆಗಳಿಂದಲೂ ಜನ ಹೋಗ್ತಾರೆ. ಅಲ್ಲಿನ ಪಂದ ಸೇವೆಯ ಫೋಟೋ ಹಾಕೋರು ಬಹಳ ಜನ. ಆ ಪಂದಕ್ಕೆ ನಮ್ಮಲ್ಲಿ ಪಂಜು ಅಂತೀವಿ ಅನ್ನೋದನ್ನ ಪಕ್ಕದಲ್ಲಿ ಬರೆಯೋಕೆ ಎಷ್ಟು ಹೊತ್ತು ಬೇಕು?

ಅಂಕಿಸಂಖ್ಯೆಗೆ ಕೊರತೆ ಇಲ್ಲ. 2011ರ ಜನಗಣತಿ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಭಾಷಿಕರು ಅಂತ ಲೆಕ್ಕಕ್ಕೆ ಬಂದವರು ಸುಮಾರು 12.86 ಲಕ್ಷ. ನಾವು ನಿನ್ನೆ ಬಂದವರೂ ಅಲ್ಲ. 1799ರ ತನಕ ಈ ಸೀಮೆ ಮೈಸೂರಿಗೆ ಸೇರಿತ್ತು, 1956ರ ತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಸಂಖ್ಯೆ ಇದೆ, ಚರಿತ್ರೆ ಇದೆ. ಆದ್ರೆ ಈ 12 ಲಕ್ಷ ಜನ ಏನು ಉಣ್ತಾರೆ, ಯಾವ ವಸ್ತುವಿಗೆ ಏನಂತಾರೆ ಅಂತ ತೋರಿಸೋ ನೂರು ಚಿತ್ರ ಒಂದೇ ಕಡೆ ಸಿಗಲ್ಲ.

“ಹುಡುಗರು ಖುಷಿಗೆ ಏನೋ ಮಾಡ್ತಿದ್ದಾರೆ, ಅದರ ಮೇಲೆ ಭಾಷೆ ಹೊರೆ ಯಾಕೆ ಹೊರಿಸ್ತೀರಿ” ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ, ಇದು ಹೊರೆ ಅಲ್ಲ, ಅವರಿಗೇ ಲಾಭ. ಟೌನ್‌ಹಾಲ್ ಗಡಿಯಾರವನ್ನ ಸಾವಿರ ಜನ ತೆಗೀತಾರೆ. ನಿಮ್ಮ ಅಜ್ಜಿಯ ಅಡುಗೆಮನೆಗೆ, ನಿಮ್ಮ ಮಾವನ ಮಗ್ಗದ ಗುಂಡಿಗೆ ಬಿಡೋದು ನಿಮ್ಮನ್ನ ಮಾತ್ರ. ತೇಜಸ್ವಿ ಮೂಡಿಗೆರೆಯಲ್ಲಿ ಕ್ಯಾಮೆರಾ ಹಿಡಿದು ಹಕ್ಕಿ ಹಿಂದೆ ಓಡಾಡಿದ್ದು ಖುಷಿಗೇ. ಆದ್ರೆ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬರೆದ್ರು ನೋಡಿ, ಅದಕ್ಕೇ ಅದು ಎಲ್ಲರಿಗೂ ಉಳೀತು.

ಇನ್ನೊಂದು ನಿಜವಾದ ಕಷ್ಟ, ಲಿಪಿ. ನಮ್ಮ ಮಕ್ಕಳಿಗೆ ಮಾತು ಬರುತ್ತೆ, ಅಕ್ಷರ ಬರಲ್ಲ. 2006ರ ಕಾಯ್ದೆ ಆದ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯ, ಅದನ್ನ ಚೆನ್ನಾಗಿ ಕಲೀಲೇಬೇಕು. ಕನ್ನಡ ಅಕ್ಷರ ಕಲಿಸೋರು ಮನೇಲೂ ಇಲ್ಲ. ಸದ್ಯಕ್ಕೆ ತಮಿಳು ಲಿಪಿಯಲ್ಲೇ ಬರೀರಿ, ತಪ್ಪಿಲ್ಲ. ಆದ್ರೆ ಹಾಗೆ ಬರೆದ್ರೆ ಮಗ್ಗ ಅನ್ನೋದು ಮಕ್ಕ ಆಗುತ್ತೆ. ಅದಕ್ಕೆ ಹತ್ತು ಸೆಕೆಂಡ್ ಧ್ವನಿ ರೆಕಾರ್ಡ್ ಮಾಡಿ ಜೊತೆಗಿಡಿ. ವಾರಕ್ಕೆ ಒಂದು ಫೋಟೋ, ಒಂದು ಪದ, ಆ ಪದದ ಎರಡು ಮೂರು ಅಕ್ಷರ ಅಂತ ಕಲೀತಾ ಹೋದ್ರೆ ವರ್ಷದೊಳಗೆ ನಿಮ್ಮ ಹೆಸರನ್ನ ನೀವೇ ಕನ್ನಡದಲ್ಲಿ ಬರೀಬಹುದು.

ಕೊನೇಗೆ ಮೂರು ಮಾತು. ಒಂದು, ಕೇಳಿ ತೆಗೀರಿ. ಮನೆಯವರೇ ಆದ್ರೂ ಫೋಟೋ ಹೊರಗೆ ಹಾಕೋ ಮುಂಚೆ ಒಪ್ಪಿಗೆ ಕೇಳಿ. ಗಾಯ, ರಕ್ತ, ಮಕ್ಕಳ ಮುಖ ಇದ್ರೆ ಎರಡು ಸಲ ಯೋಚಿಸಿ.

ಎರಡು, ಇನ್‌ಸ್ಟಾಗ್ರಾಂ ಒಂದನ್ನೇ ನಂಬಬೇಡಿ. ಫೋನ್ ಹೋದ್ರೆ ಎಲ್ಲಾ ಹೋಯ್ತು. ಮೂಲ ಫೈಲಿಗೆ ತಾರೀಖು, ಊರು, ಕನ್ನಡ ಹೆಸರು ಹಾಕಿ ಇನ್ನೊಂದು ಕಡೆ ಇಡಿ. ಮುಖ ಕಾಣದ ವಸ್ತು, ಅಡುಗೆ, ಮಗ್ಗದ ಚಿತ್ರಗಳನ್ನ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಬಹುದು. ಅಲ್ಲಿ ಒಂದೇ ಚಿತ್ರಕ್ಕೆ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ವಿವರ ಬರೆಯೋ ಸೌಲಭ್ಯ ಇದೆ.

ಮೂರು, ಇದು ಬ್ಯಾಂಕ್ ಕೌಂಟರ್‌ನಲ್ಲಿ ಕೂರೋನ ಮಾತು ಅಂತ ತಗೊಳ್ಳಿ. ಕ್ಯಾಮೆರಾಗೋಸ್ಕರ ಪರ್ಸನಲ್ ಲೋನ್, ಇಎಂಐ ಬೇಡ. ಕೈಯಲ್ಲಿರೋ ಫೋನೇ ಈ ಕೆಲಸಕ್ಕೆ ಸಾಕು. ಕ್ಯಾಮೆರಾ ಇನ್ನೆರಡು ವರ್ಷಕ್ಕೂ ಅಂಗಡೀಲಿ ಸಿಗುತ್ತೆ. ಹಳೇ ಮಾತು ಬಲ್ಲ ಅಜ್ಜಿ ತಾತ ಇರ್ತಾರೋ ಇಲ್ವೋ ಯಾರು ಹೇಳ್ತಾರೆ?

ಈ ವಾರ ಒಂದು ಫೋಟೋ ತೆಗೀರಿ. ಮನೇಲಿ ಕರೆಯೋ ಹೆಸರು ಬರೆದು ಕೆಳಗೆ ಕಾಮೆಂಟಲ್ಲಿ ಹಾಕಿ. ಒಂದೇ ವಸ್ತುವಿಗೆ ಸಿರುಮುಗೈಯಲ್ಲಿ ಒಂದು ಹೆಸರು, ಉಡುಮಲೈನಲ್ಲಿ ಇನ್ನೊಂದು ಹೆಸರು ಬಂದ್ರೆ ಜಗಳ ಬೇಡ, ಎರಡೂ ನಮ್ಮದೇ. ಎರಡನ್ನೂ ಬರೆದಿಡೋಣ.

#ತಮಿಳುನಾಡುಕನ್ನಡಿಗರು #ನಮ್ಮಮನೆಮಾತು